ಮತ್ತು ಸಾಹೇಬರ ಕೆಂಪು ಗೀಟು

ಆ ಕಟ್ಟಡದ ಹಣೆಯ ಮೇಲೆ ಲಾರಿಯಷ್ಟು ಉದ್ದದ ಹಲಗೆಯೊಂದಿತ್ತು. ಹಲಗೆಯ ನಟ್ಟನಡುವೆ, ಎರಡು ಬೀದಿ ಆಚೆಗೂ ಕಾಣುವಂಥ ಅಕ್ಷರಗಳಲ್ಲಿ, ಒಂದೇ ಒಂದು ಪದ ಬರೆದಿತ್ತು: 'ಮತ್ತು'.

ಮೂರು ವರ್ಷದ ಹಿಂದೆ ಊರಿನ ವಿದ್ಯುತ್ ಕಚೇರಿಯನ್ನೂ ಅನಿಲ ಕಚೇರಿಯನ್ನೂ ಒಂದೇ ಸೂರಿನಡಿ ತಂದಾಗ ಹುಟ್ಟಿದ ಹಲಗೆ ಅದು. ಎಡಗಡೆ ಕರೆಂಟ್ ಮೇಡಂ, ಬಲಗಡೆ ಗ್ಯಾಸ್ ಸಾಹೇಬರು. 'ವಿದ್ಯುತ್ ಮತ್ತು ಅನಿಲ' ಎಂದು ಬರೆಯಬೇಕೆಂದು ಮೇಡಂ. 'ಅನಿಲ ಮತ್ತು ವಿದ್ಯುತ್' ಎಂದೇ ಆಗಬೇಕೆಂದು ಸಾಹೇಬರು. ಬಣ್ಣದವನು ಎರಡು ದಿನ ಏಣಿಯ ಮೇಲೆ ಕೂತು ಕಾದ. ಮೂರನೆಯ ದಿನ, ತಕರಾರಿಲ್ಲದ ಪದವನ್ನು ಮಾತ್ರ ಬರೆದು, ಡಬ್ಬ ಮುಚ್ಚಿಕೊಂಡು ಇಳಿದು ಹೋದ. ಮತ್ತೆ ಬರಲಿಲ್ಲ. ಅಂದಿನಿಂದ ವಾರಕ್ಕೆ ಒಬ್ಬಿಬ್ಬರಾದರೂ ಒಳಗೆ ಬಂದು, "ಕುಡಿತ ಬಿಡಿಸೋದು ಇಲ್ಲೇನಾ?" ಎಂದು ವಿಚಾರಿಸುತ್ತಿದ್ದರು. ಸಂಜೆ ಹೊತ್ತು ಬರುವವರು ಅದಕ್ಕೆ ತದ್ವಿರುದ್ಧವಾದುದನ್ನು ಕೇಳುತ್ತಿದ್ದರು.

ಇವರಿಗೆಲ್ಲ ಉತ್ತರ ಹೇಳಬೇಕಾದವರು, ಹಲಗೆಗೆ ಸರಿಯಾಗಿ ಕೆಳಗೆ, ನಡು ಓಣಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಸಮನ್ವಯಾಧಿಕಾರಿಗಳು. ಆ ಹಲಗೆಯಿಂದಾಗಿ ಅವರಿಗೆ 'ಮತ್ತು ಸಾಹೇಬರು' ಎಂಬ ಹೆಸರು ಅಂಟಿತ್ತು. ಎಡಗಡೆಯವರೂ ಅವರಿಗೆ ಕೋಣೆ ಕೊಟ್ಟಿರಲಿಲ್ಲ, ಬಲಗಡೆಯವರೂ ಕೊಟ್ಟಿರಲಿಲ್ಲ. ಆದರೆ ಕೆಲಸ ಮಾತ್ರ ಎರಡೂ ಕಡೆಯದು. ಊರಾಚೆಯ ವಿದ್ಯುತ್ ಸ್ಥಾವರ ಓಡುವುದು ಗ್ಯಾಸಿನಿಂದ. ಆ ಗ್ಯಾಸನ್ನು ಪೈಪಿನೊಳಗೆ ಒತ್ತಿ ತಳ್ಳುವ ಕಂಪ್ರೆಸರ್ ಓಡುವುದು ಕರೆಂಟಿನಿಂದ. ಹೀಗೆ ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿದ್ದ ಎರಡು ಕಚೇರಿಗಳ ಮುಖ್ಯಸ್ಥರು ಹಲಗೆಯ ಜಗಳದ ದಿನದಿಂದ ಮಾತು ಬಿಟ್ಟಿದ್ದರು. ಎಡಗಡೆಯಿಂದ ಬಲಗಡೆಗೆ, ಬಲಗಡೆಯಿಂದ ಎಡಗಡೆಗೆ ಮಾತು ಹೊತ್ತು ಹೊತ್ತು ಮತ್ತು ಸಾಹೇಬರ ಚಪ್ಪಲಿ ವರ್ಷಕ್ಕೆ ಮೂರು ಜೊತೆ ಸವೆಯುತ್ತಿತ್ತು.

ಮನುಷ್ಯ ಮೆತ್ತಗಿನವರು. 'ಇಲ್ಲ' ಎಂಬ ಪದ ಅವರ ಗಂಟಲಿನವರೆಗೆ ಬಂದು, ಅಲ್ಲೇ ಸ್ವಲ್ಪ ಹೊತ್ತು ನಿಂತು, 'ನೋಡೋಣ' ಎಂಬ ವೇಷ ಹಾಕಿಕೊಂಡು ಹೊರಗೆ ಬರುತ್ತಿತ್ತು. ನಾಲ್ಕು ಜನರ ಜೊತೆ ಬದುಕಿದ ಯಾರಿಗಾದರೂ ಗೊತ್ತು, ಅಧಿಕಾರಿಯೊಬ್ಬರು 'ನೋಡೋಣ' ಎಂದರೆ ಆ ಕೆಲಸದ ಆಸೆ ಬಿಡಬೇಕು ಎಂದು. ಮತ್ತು ಸಾಹೇಬರ ಬೀದಿಯವರಿಗೆ ಮಾತ್ರ ಇದು ಗೊತ್ತಿರಲಿಲ್ಲ. ಏಕೆಂದರೆ ಅವರಿಗೆ ಅಧಿಕಾರಿ ಎಂದು ಪರಿಚಯವಿದ್ದವರು ಇವರೊಬ್ಬರೇ.

ಆ ಚಳಿಗಾಲ ಗ್ಯಾಸ್ ಬಾವಿಯೊಂದರ ದುರಸ್ತಿ ಬಂತು. ಹತ್ತು ದಿನ ಗ್ಯಾಸ್ ಕಡಿಮೆ. ಗ್ಯಾಸ್ ಕಡಿಮೆಯಾದರೆ ಕರೆಂಟೂ ಕಡಿಮೆ. ಸರದಿಯ ಮೇಲೆ ಒಂದೊಂದು ಬಡಾವಣೆಗೆ ದಿನಕ್ಕೆ ಮೂರು ಗಂಟೆ ಕರೆಂಟ್ ತೆಗೆಯುವುದೆಂದು ತೀರ್ಮಾನವಾಯಿತು. ಸುದ್ದಿ ಮೊದಲು ಮುಟ್ಟಿದ್ದು ಬೀದಿ ಮೂಲೆಯ ಇಸ್ತ್ರಿ ಅಂಗಡಿಯವನಿಗೆ.

"ಸಾಹೇಬ್ರೇ, ನಮ್ಮ ಬೀದೀದೂ ತೆಗೀತಾರಂತಾ?" ಎಂದು ಅವನು ಅವರ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ. "ಮೂರು ಗಂಟೆ ಅಂದ್ರೆ ನನ್ನ ಹೊಟ್ಟೆ ಮೇಲೆ ಹೊಡೆದಂಗೆ. ನೀವಿದ್ದೂ ಹಿಂಗಾದ್ರೆ ಹೆಂಗೆ?"

ಅಂಗಿ ಅವನ ಕೈಯಲ್ಲಿತ್ತು. ಆಫೀಸಿಗೆ ಹೊತ್ತಾಗುತ್ತಿತ್ತು. "ನೋಡೋಣ" ಎಂದರು ಮತ್ತು ಸಾಹೇಬರು.

ಅಂಗಿ ಸಿಕ್ಕಿತು. ಆದರೆ ಅವರು ಬಸ್ಸು ಹತ್ತುವ ಹೊತ್ತಿಗೆ 'ನಮ್ಮ ಬೀದೀದು ಸಾಹೇಬ್ರು ನೋಡ್ಕೋತಾರಂತೆ' ಎಂಬ ಸುದ್ದಿ ಇಪ್ಪತ್ತು ಮನೆ ದಾಟಿತ್ತು. ಸಂಜೆ ಹಲ್ಲಿನ ಡಾಕ್ಟರು ದಾರಿಯಲ್ಲೇ ಅಡ್ಡ ಹಾಕಿದರು. "ಸಾರ್, ಪೇಷೆಂಟ್ ಬಾಯಿ ತೆರೆದು ಕೂತಿರೋವಾಗ ಕರೆಂಟ್ ಹೋದ್ರೆ ಅವರು ಮುಚ್ಚೋ ಹಾಗೂ ಇಲ್ಲ, ನಾನು ಕೀಳೋ ಹಾಗೂ ಇಲ್ಲ. ನೀವು ನೋಡ್ಕೋತೀರಂತೆ, ಬಹಳ ಉಪಕಾರ ಆಯ್ತು." ಹೀಗೆ ಮೊದಲೇ ಉಪಕಾರ ಸ್ಮರಿಸಿದವರಿಗೆ ಇಲ್ಲ ಎನ್ನುವುದು ಹೇಗೆ? ಮನೆಗೆ ಬಂದರೆ ಬಾಗಿಲಲ್ಲೇ ಅತ್ತೆ ನಿಂತಿದ್ದರು. ಹದಿನೆಂಟು ವರ್ಷಗಳಿಂದ ಅಳಿಯನ ಕೆಲಸವೇನೆಂದು ಯಾರಾದರೂ ಕೇಳಿದರೆ 'ಏನೋ ಆಫೀಸು' ಎಂದು ಮಾತು ತಿರುಗಿಸುತ್ತಿದ್ದ ಅತ್ತೆ, ಅಂದು ಅವರ ಕೈಯಿಂದ ಚೀಲ ಇಸಿದುಕೊಂಡರು.

"ಅಳಿಯಂದ್ರೇ, ಪಕ್ಕದ ಮನೆಯವರಿಗೆಲ್ಲ ಹೇಳಿದೀನಿ. ಊರಿನ ಕರೆಂಟು, ಗ್ಯಾಸು ಎರಡೂ ನಮ್ಮ ಅಳಿಯಂದ್ರ ಕೈಯಲ್ಲೇ ಇರೋದು ಅಂತ. ಕತ್ತಲೆ ಶುರುವಾಗೋ ದಿನ ನಮ್ಮ ಬೀದಿ ಬೆಳಕಲ್ಲಿರತ್ತಲ್ಲ, ಅವತ್ತೇ ನಮ್ಮನೇಲಿ ಎಲ್ಲರಿಗೂ ಊಟ."

"ಎಲ್ಲರಿಗೂ ಅಂದ್ರೆ?"

"ಎಲ್ಲರಿಗೂ. ನಲವತ್ತು ಜನ. ಹಲ್ಲಿನ ಡಾಕ್ಟರು ಎರಡು ಮಾತಾಡ್ತಾರಂತೆ ನಿಮ್ಮ ಬಗ್ಗೆ."

ಮತ್ತು ಸಾಹೇಬರು ಹೆಂಡತಿಯ ಮುಖ ನೋಡಿದರು. ಅವರ ಹೆಂಡತಿ ಕಡಿಮೆ ಮಾತಿನವರು. "ಆಗಲ್ಲ ಅಂತ ಈಗ್ಲೇ ಹೇಳ್ಬಿಡಿ" ಎಂದರು.

"ನೋಡೋಣ" ಎಂದರು ಮತ್ತು ಸಾಹೇಬರು. ಹೆಂಡತಿ ಒಳಗೆ ಹೋದರು.

ಮರುದಿನ ಮೇಜಿನ ಮೇಲೆ ಒಂದು ಕಾಗದ ಬಂದು ಕೂತಿತ್ತು. ಮೇಲ್ಗಡೆ 'ಯಾವ ಕಾರಣಕ್ಕೂ ಕರೆಂಟ್ ತೆಗೆಯಬಾರದ ಲೈನುಗಳು' ಎಂಬ ತಲೆಬರಹ. ಎರಡೂ ಕಚೇರಿಯವರು ತಮತಮಗೆ ಬೇಕಾದುದನ್ನು ತುಂಬಿ ಕಳಿಸಿದ್ದರು. ಶುದ್ಧ ಪ್ರತಿ ಮಾಡಿ ಮೇಡಂಗೆ ಒಪ್ಪಿಸುವುದು ಸಮನ್ವಯಾಧಿಕಾರಿಯ ಕೆಲಸ. ಸಾಲುಗಳು ಹನ್ನೆರಡು. ಹದಿಮೂರನೆಯದನ್ನು ಸೇರಿಸಕೂಡದು ಎಂದು ಮೇಡಂ ಕೆಳಗೆ ಅಡಿಗೆರೆ ಎಳೆದು ಬರೆದಿದ್ದರು. ಹನ್ನೆರಡೂ ಭರ್ತಿಯಾಗಿದ್ದವು.

ಮತ್ತು ಸಾಹೇಬರು ಬೆರಳಿಟ್ಟುಕೊಂಡು ಓದಿದರು. ದೊಡ್ಡಾಸ್ಪತ್ರೆ. ಅದನ್ನು ಮುಟ್ಟುವಂತಿಲ್ಲ. ನೀರಿನ ಪಂಪು, ಅಗ್ನಿಶಾಮಕ ಠಾಣೆ, ಹೆರಿಗೆ ಆಸ್ಪತ್ರೆ. ಬೆರಳು ಏಳನೆಯ ಸಾಲಿಗೆ ಬಂದು ನಿಂತಿತು. ಬಲಗಡೆಯವರ ಕೈಬರಹದಲ್ಲಿ ಹೀಗಿತ್ತು: 'ಹಿಟ್ಟಿನ ಗಿರಣಿ ಲೈನು.'

ಹಿಟ್ಟಿನ ಗಿರಣಿ! ಆಸ್ಪತ್ರೆಗಳ ನಡುವೆ ಹಿಟ್ಟಿನ ಗಿರಣಿ! ಮತ್ತು ಸಾಹೇಬರ ಮೈಯೆಲ್ಲ ಬಿಸಿಯಾಯಿತು. ಯಾರೋ ಬಲಾಢ್ಯರ ಷಡ್ಡಕನದೋ ಬೀಗರದೋ ಗಿರಣಿ ಇರಬೇಕು. ಊರಿಗೆ ಊರೇ ಚಳಿಯಲ್ಲಿ ನಡುಗುವಾಗ ಇವರಿಗೆ ಹಿಟ್ಟು ಬೀಸುವ ಅವಸರ! ಯಾರಿಗೂ ಎಂದೂ ಇಲ್ಲ ಎನ್ನದ ಆ ಮನುಷ್ಯನೊಳಗೆ ಅಂದು ನ್ಯಾಯವು ಸೆಟೆದು ನಿಂತಿತು. ಖಾನೆಯಿಂದ ಕೆಂಪು ಪೆನ್ನು ತೆಗೆದು, ಗಿರಣಿಯ ಮೇಲೆ ಕಾಗದ ಹರಿಯುವಂತೆ ಒಂದು ಗೀಟು ಹೊಡೆದರು. ಆಮೇಲೆ, ಖಾಲಿಯಾದ ಸಾಲು ಸುಮ್ಮನೆ ಹಾಳಾಗಬಾರದಲ್ಲ, ಅಲ್ಲಿ 'ಹಳೇ ಬಡಾವಣೆ ಲೈನು' ಎಂದು ಸಣ್ಣ ಅಕ್ಷರದಲ್ಲಿ ಬರೆದರು. ಹಳೇ ಬಡಾವಣೆ ಎಂದರೆ ಅವರದೇ ಬಡಾವಣೆ. ಇದರಲ್ಲಿ ನ್ಯಾಯದ ಪಾಲು ಎಷ್ಟು, ನಲವತ್ತು ಜನರ ಊಟದ ಪಾಲು ಎಷ್ಟು ಎಂದು ಅವರು ಬಿಡಿಸಿ ನೋಡಲು ಹೋಗಲಿಲ್ಲ. ಶುದ್ಧ ಪ್ರತಿಯನ್ನು ಎಡಗಡೆ ಒಪ್ಪಿಸಿ, ಮೂಲವನ್ನು ಖಾನೆಗೆ ತಳ್ಳಿದರು.

"ಇವತ್ತು ಒಬ್ಬರಿಗೆ ಖಡಾಖಂಡಿತ ಇಲ್ಲ ಅಂದೆ" ಎಂದು ಅಂದು ಸಂಜೆ ಹೆಂಡತಿಗೆ ಹೇಳಿಕೊಂಡರು.

"ಯಾರಿಗೆ?"

"ಒಂದು ಗಿರಣಿಗೆ."

ಹೆಂಡತಿ ಅವರ ಹಣೆ ಮುಟ್ಟಿ ನೋಡಿದರು.

ಕರೆಂಟ್ ತೆಗೆಯುವ ಮೊದಲ ದಿನ ಬಂತು. ಬೆಳಗ್ಗೆ ಹತ್ತಕ್ಕೆ ಆಚೆ ಬಡಾವಣೆಗಳ ಕರೆಂಟ್ ಹೋಯಿತು. ಹಳೇ ಬಡಾವಣೆಯಲ್ಲಿ ಹಗಲಾದರೂ ಎಲ್ಲರೂ ಎಲ್ಲ ದೀಪ ಹಾಕಿದ್ದರು. ರಸ್ತೆಯ ಆಚೆ ಬದಿಯವರಿಗೆ ಕಾಣಲಿ ಎಂದು ಕಿಟಕಿಗಳನ್ನೂ ತೆರೆದಿಟ್ಟಿದ್ದರು. ಮತ್ತು ಸಾಹೇಬರ ಮನೆಯಲ್ಲಿ ಮೂರು ಒಲೆಗಳ ಮೇಲೆ ಮೂರು ದೊಡ್ಡ ಪಾತ್ರೆಗಳು ಕೂತಿದ್ದವು. ಒಂದು ಗಂಟೆಗೆ ಮನೆಗೆ ಬರುವೆನೆಂದು ಅತ್ತೆಗೆ ಮಾತು ಕೊಟ್ಟು ಅವರು ಆಫೀಸಿಗೆ ಬಂದಿದ್ದರು.

ಹತ್ತೂ ಕಾಲಿಗೆ ಬಲಗಡೆಯ ಬಾಗಿಲು ದಢಾರನೆ ತೆರೆಯಿತು.

"ಏನ್ರೀ ಇದು? ಕಂಪ್ರೆಸರ್ ನಿಂತುಹೋಗಿದೆ! ನಮ್ಮ ಲೈನ್ ಯಾಕೆ ತೆಗೆದ್ರು ಅಂತ ಕೇಳ್ರೀ ಅವರನ್ನ!" ಎಂದು ಗ್ಯಾಸ್ ಸಾಹೇಬರು ಕೂಗಿದರು.

ಮತ್ತು ಸಾಹೇಬರು ಎಡಗಡೆಗೆ ಓಡಿದರು. ಕರೆಂಟ್ ಮೇಡಂ ಪಟ್ಟಿಯನ್ನು ಎತ್ತಿ ಹಿಡಿದರು. "ಇದರಲ್ಲಿ ಕಂಪ್ರೆಸರ್ ಅಂತ ಎಲ್ಲಿದೆ ತೋರಿಸಿ ಅಂತ ಹೇಳಿ. ಕೊಡದೇ ಇರೋದನ್ನ ನಾನು ಕಾಪಾಡಕ್ಕಾಗಲ್ಲ."

ಬಲಗಡೆಗೆ ಓಡಿದರು. "ಕೊಟ್ಟಿದೀವಿ ಅಂತ ಹೇಳ್ರೀ! ಏಳನೇ ಸಾಲು!"

ಎಡಗಡೆಗೆ. "ಏಳನೇ ಸಾಲಲ್ಲಿ ಹಳೇ ಬಡಾವಣೆ ಇದೆ."

ಬಲಗಡೆಗೆ ಬಂದು ಮತ್ತು ಸಾಹೇಬರು ದನಿ ತಗ್ಗಿಸಿದರು. "ಏಳನೇ ಸಾಲು ಅಂದ್ರೆ... ಸಾರ್, ಅದು ಹಿಟ್ಟಿನ ಗಿರಣಿ ಅಲ್ವಾ?"

"ಗಿರಣೀನೂ ಇಲ್ಲ, ಹಿಟ್ಟೂ ಇಲ್ಲ! ಅದು ಹಳೇ ಗಿರಣಿ ಶೆಡ್ಡು. ನಾವು ಶೆಡ್ ತಗೊಂಡು ಕಂಪ್ರೆಸರ್ ಕೂರಿಸಿದ್ದು. ಕರೆಂಟ್ ರಿಜಿಸ್ಟರಲ್ಲಿ ಹೆಸರು ಇನ್ನೂ ಬದಲಾಗಿಲ್ಲ, ಅದಕ್ಕೇ ಆ ಹೆಸರಲ್ಲೇ ಬರೆದಿದ್ದು!"

ಮತ್ತು ಸಾಹೇಬರು ಎಡಗಡೆಗೆ ಓಡಿ, "ಮೇಡಂ, ಗಿರಣಿ ಲೈನ್ ಹಾಕಿಸಿ, ಈಗ್ಲೇ ಹಾಕಿಸಿ" ಎಂದರು.

ಮೇಡಂ ಫೋನೆತ್ತಿದರು. ಅದೇ ಗಳಿಗೆಗೆ ತಲೆಯ ಮೇಲಿನ ದೀಪ ಒಮ್ಮೆ ಕೆಂಪಾಗಿ, ಆರಿತು. ಓಣಿಯ ದೀಪ ಆರಿತು. ಕಿಟಕಿಯಾಚೆ ಮೂಲೆಯ ಸಿಗ್ನಲ್ ದೀಪವೂ ಆರಿತು. ಗ್ಯಾಸಿನ ಒತ್ತಡ ಸಾಲದೆ ವಿದ್ಯುತ್ ಸ್ಥಾವರವೇ ನಿಂತುಹೋಗಿತ್ತು. ಇಡೀ ಊರಿನಲ್ಲಿ ಕರೆಂಟ್ ಎನ್ನುವುದು ಒಂದು ಹನಿಯೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ನಡೆದ ಸಂಭಾಷಣೆಯನ್ನು ಜವಾನನು ಇವತ್ತಿಗೂ ಹಾವಭಾವ ಸಮೇತ ಮಾಡಿ ತೋರಿಸುತ್ತಾನೆ.

"ಮೊದಲು ಗ್ಯಾಸ್ ಕೊಡಿ, ಆಮೇಲೆ ಕರೆಂಟ್ ಕೊಡ್ತೀನಿ ಅಂತ ಹೇಳಿ ಅವರಿಗೆ."

"ಮೊದಲು ಕರೆಂಟ್ ಕೊಡಿ, ಆಮೇಲೆ ಗ್ಯಾಸ್ ಕೊಡ್ತೀನಿ ಅಂತ ಹೇಳ್ರೀ ಅವರಿಗೆ."

"ಕರೆಂಟ್ ಎಲ್ಲಿಂದ ತರ್ಲಿ, ನನ್ನ ಕೈಚೀಲದಿಂದಾ ಅಂತ ಕೇಳಿ."

"ಗ್ಯಾಸ್ ಎಲ್ಲಿಂದ ತರ್ಲಿ, ಊದಿ ತುಂಬ್ಲಾ ಅಂತ ಕೇಳ್ರೀ."

ಇವರ ನಡುವೆ ಓಡುತ್ತಿದ್ದ ಮತ್ತು ಸಾಹೇಬರನ್ನು ಓಣಿಯ ಮಧ್ಯೆ ತಡೆದು ನಿಲ್ಲಿಸಿದವನು ಗ್ಯಾಸ್ ಕಚೇರಿಯ ವಾಲ್ವ್ ಮೇಸ್ತ್ರಿ. ಮೂವತ್ತು ವರ್ಷ ಪೈಪಿನ ಜೊತೆ ಸಂಸಾರ ಮಾಡಿದವನು. ಅವನು ಹೇಳಿದ್ದು ಇಷ್ಟು: ಪೈಪಿನಲ್ಲಿ ಇನ್ನೂ ಸ್ವಲ್ಪ ಗ್ಯಾಸ್ ಉಳಿದಿದೆ. ಸ್ಥಾವರದ ಸಣ್ಣ ಯಂತ್ರವೊಂದು ಎದ್ದು ನಿಲ್ಲಲು ಅಷ್ಟು ಸಾಕು. ಆ ಯಂತ್ರದ ಕರೆಂಟನ್ನು ಗಿರಣಿ ಲೈನಿಗೆ ಕೊಟ್ಟರೆ ಕಂಪ್ರೆಸರ್ ಏಳುತ್ತದೆ. ಅದು ಎದ್ದರೆ ಉಳಿದದ್ದೆಲ್ಲ ಏಳುತ್ತದೆ. ಆದರೆ ಆ ಉಳಿದ ಗ್ಯಾಸನ್ನು ಅದೇ ಪೈಪಿನ ಮೇಲಿರುವ ಹಳೇ ಬಡಾವಣೆಯ ಒಲೆಗಳು ಕುಡಿಯುತ್ತಿವೆ. ಬಡಾವಣೆಯ ವಾಲ್ವ್ ಮುಚ್ಚಬೇಕು.

"ಹಾಗಾದ್ರೆ ಮುಚ್ಚಪ್ಪಾ!"

"ಹಂಗೇ ಮುಚ್ಚಕ್ಕಾಗಲ್ಲ ಸಾಹೇಬ್ರೇ. ಒಲೆ ತಾನಾಗೇ ಆರತ್ತೆ, ನಾಬ್ ತೆರೆದೇ ಇರತ್ತೆ. ಗ್ಯಾಸ್ ವಾಪಸ್ ಬಂದಾಗ ಅಡುಗೆಮನೆ ತುಂಬ್ಕೊಳ್ಳತ್ತೆ. ಯಾರೋ ಒಬ್ಬರು ಕಡ್ಡಿ ಗೀಚಿದ್ರೆ..." ಮೇಸ್ತ್ರಿ ಎರಡೂ ಕೈ ಮೇಲಕ್ಕೆ ಚೆಲ್ಲಿ ತೋರಿಸಿದ. "ಪ್ರತಿ ಮನೆ ಒಲೆ ಆಫ್ ಆಗಿದೆ ಅಂತ ಕಣ್ಣಾರೆ ನೋಡ್ಬೇಕು. ಆಮೇಲೇ ವಾಲ್ವು."

ಯಾರು ಹೋಗಬೇಕು? ಅಡುಗೆಯ ಹೊತ್ತಿನಲ್ಲಿ ಒಲೆ ಆರಿಸಿ ಎಂದು ಹೇಳಿ ಬೈಸಿಕೊಳ್ಳಲು ಅವರ ಜನ ಹೋಗಲಿ ಎಂದರು ಮೇಡಂ. ಅವರ ಜನವೇ ಹೋಗಲಿ ಎಂದರು ಸಾಹೇಬರು. ಮತ್ತು ಸಾಹೇಬರು ಯಾರ ಜನವೂ ಅಲ್ಲ. ಕಚೇರಿಯ ವ್ಯಾನು ಹತ್ತಿ, ಧ್ವನಿವರ್ಧಕದ ಮೈಕು ಕೈಗೆ ತೆಗೆದುಕೊಂಡರು. ಮೇಸ್ತ್ರಿಯೂ ಅವನ ಎಂಟು ಆಳುಗಳೂ ಯಾರನ್ನೂ ಕೇಳದೆ ಹತ್ತಿದರು.

ವ್ಯಾನು ಹಳೇ ಬಡಾವಣೆಗೆ ತಿರುಗಿದಾಗ ಬೀದಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಮತ್ತು ಸಾಹೇಬರು ಗಂಟಲು ಸರಿಪಡಿಸಿಕೊಂಡರು. "ಮಹನೀಯರೇ, ಮಹಿಳೆಯರೇ... ಒಲೆಗಳನ್ನು... ಆದರೆ, ಅನುಕೂಲವಾದರೆ... ಸ್ವಲ್ಪ ಹೊತ್ತು... ನೋಡೋಣ."

"ಏನಂತೆ?" ಎಂದು ಮಹಡಿಯಿಂದ ಯಾರೋ ಕೇಳಿದರು.

"ನೋಡೋಣ ಅಂತಿದಾರೆ!" ಎಂದು ಇಸ್ತ್ರಿ ಅಂಗಡಿಯವನು ಸಂತೋಷದಿಂದ ಕೂಗಿ ಹೇಳಿದ. "ಕರೆಂಟ್ ಬಂದಂಗೇ ಲೆಕ್ಕ!" ಬೀದಿ ಚಪ್ಪಾಳೆ ತಟ್ಟಿತು. ಎರಡು ಮನೆಯವರು ಒಲೆಯ ಉರಿ ಇನ್ನಷ್ಟು ಜೋರು ಮಾಡಿದರು.

ಮೇಸ್ತ್ರಿ ಪಕ್ಕದಲ್ಲಿ ಕೂತಿದ್ದ. "ಸಾಹೇಬ್ರೇ, ಇಲ್ಲಿ ಮಕ್ಕಳು ಮರಿ ಇರೋ ಮನೆಗಳಿವೆ" ಎಂದಷ್ಟೇ ಹೇಳಿದ.

ಮತ್ತು ಸಾಹೇಬರು ಮೈಕನ್ನು ಬಾಯಿಗೆ ಒತ್ತಿ ಹಿಡಿದರು. "ಎಲ್ಲರೂ ಒಲೆ ಆಫ್ ಮಾಡಿ! ಈಗ್ಲೇ! ಬೆಂದಿದ್ರೂ ಸರಿ, ಬೇಯದಿದ್ರೂ ಸರಿ! ಮತ್ತೆ ಹೇಳೋವರೆಗೂ ಯಾರೂ ಹಚ್ಚಕೂಡದು!"

ಆ ದನಿ ಎಲ್ಲಿಂದ ಬಂತೆಂದು ಅವರಿಗೇ ತಿಳಿಯಲಿಲ್ಲ. ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಮೇಸ್ತ್ರಿಯ ಎಂಟು ಜನ ಎಂಟು ಕಡೆ ಚದುರಿದರು. ತಮ್ಮ ಬೀದಿಯ ಬಾಗಿಲುಗಳನ್ನು ಮತ್ತು ಸಾಹೇಬರೇ ಬಡಿದರು. "ಐದೇ ನಿಮಿಷ ಸಾಹೇಬ್ರೇ" ಎಂದವರಿಗೆ "ಆಗಲ್ಲ" ಎಂದರು. "ಹಾಲು ಉಕ್ಕೋವರೆಗೆ" ಎಂದವರಿಗೆ "ಆಗಲ್ಲ" ಎಂದರು. "ಇದೇನು ಸಾರ್, ನೀವು ನೋಡ್ಕೋತೀನಿ ಅಂದಿದ್ರಿ?" ಎಂದ ಹಲ್ಲಿನ ಡಾಕ್ಟರಿಗೆ "ನೋಡಕ್ಕೇ ಬಂದಿದೀನಿ, ಒಲೆ ತೋರಿಸಿ" ಎಂದರು. ಡಾಕ್ಟರು ಬಾಯಿ ತೆರೆದವರು ಹಾಗೇ ಇದ್ದರು.

ಕೊನೆಗೆ ಉಳಿದದ್ದು ಒಂದೇ ಮನೆ. ಮೂರು ಒಲೆಯ ಮುಂದೆ ಅತ್ತೆ ಸೌಟು ಹಿಡಿದು ಅಡ್ಡ ನಿಂತಿದ್ದರು. ಉರಿ ಆಗಲೇ ಕುಗ್ಗಿ, ನೀಲಿ ಬೊಟ್ಟಿನಂತಾಗಿತ್ತು.

"ಅಳಿಯಂದ್ರೇ, ನಲವತ್ತು ಜನಕ್ಕೆ ಹೇಳಿದೀನಿ. ಕಾಳು ಅರ್ಧ ಬೆಂದಿದೆ. ನನ್ನ ಮರ್ಯಾದೆ ಪ್ರಶ್ನೆ. ಒಂದೇ ಒಂದು ಒಲೆ ಬಿಡಿ."

ಮತ್ತು ಸಾಹೇಬರ ಗಂಟಲಲ್ಲಿ ಹಳೆಯ ಪದ ಬಂದು ನಿಂತಿತು. ಹೆಂಡತಿ ಬಾಗಿಲ ಸಂದಿಯಿಂದ ನೋಡುತ್ತಿದ್ದರು.

"ಆಗಲ್ಲ ಅತ್ತೆ" ಎಂದರು. ಸೌಟಿನ ಕೆಳಗಿನಿಂದ ಕೈ ತೂರಿಸಿ, ಒಂದು, ಎರಡು, ಮೂರು ಎಂದು ನಾಬ್‌ಗಳನ್ನು ತಿರುಗಿಸಿದರು. ಅಡುಗೆಮನೆಯಲ್ಲಿ ಪಾತ್ರೆಯ ಕುದಿತ ನಿಲ್ಲುವ ಸದ್ದೂ ಕೇಳಿಸಿತು. ಅತ್ತೆ ಸೌಟನ್ನು ಕೆಳಗಿಟ್ಟರು. ಮೇಸ್ತ್ರಿ ವಾಲ್ವ್ ಮುಚ್ಚಿದ.

ಮತ್ತು ಸಾಹೇಬರು ಕಚೇರಿಗೆ ಮರಳಿದಾಗ ಓಣಿಯಲ್ಲಿ ಎರಡು ಮೇಣದಬತ್ತಿ ಉರಿಯುತ್ತಿದ್ದವು. ಅವರ ಕುರ್ಚಿಯಲ್ಲಿ ಕರೆಂಟ್ ಮೇಡಂ ಕೂತಿದ್ದರು. ಎದುರಿನ ಸ್ಟೂಲಿನ ಮೇಲೆ ಗ್ಯಾಸ್ ಸಾಹೇಬರು. ನಡುವೆ ಪೈಪಿನ ನಕ್ಷೆ, ಒಂದು ಫ್ಲಾಸ್ಕು, ಎರಡು ಲೋಟ.

"ನೀವು ಇಲ್ಲಿದ್ದಿದ್ರೆ ನಿಮ್ಮ ಕೈಲೇ ಹೇಳಿ ಕಳಿಸ್ತಿದ್ರು" ಎಂದು ಜವಾನ ಪಿಸುಗುಟ್ಟಿದ. "ಹತ್ತು ನಿಮಿಷ ಇಬ್ಬರೂ ತಂತಮ್ಮ ಬಾಗಿಲಲ್ಲಿ ನಿಂತು ನಿಮ್ಮ ಖಾಲಿ ಕುರ್ಚಿ ನೋಡಿದ್ರು. ಆಮೇಲೆ ಬೇರೆ ದಾರಿ ಕಾಣ್ದೆ ಮಾತಾಡಿದ್ರು."

"ಒತ್ತಡ ಎಷ್ಟಿದೆ?" "ನಿಮಗೆ ಸಾಕು. ಎಬ್ಬಿಸಿ." "ಎಬ್ಬಿಸ್ತಿದೀನಿ. ಗಿರಣಿ ಲೈನಿಗೆ ಕೊಡ್ತಾ ಇದೀನಿ." "ಬಂತು. ಕಂಪ್ರೆಸರ್ ಎದ್ತು." ಮೂರು ವರ್ಷದಲ್ಲಿ ಮತ್ತು ಸಾಹೇಬರಿಂದ ಆಗದ ಸಮನ್ವಯವು ಅರ್ಧ ಗಂಟೆಯಲ್ಲಿ, ಅವರಿಲ್ಲದೆಯೇ, ಅವರದೇ ಮೇಜಿನ ಮೇಲೆ ನಡೆಯುತ್ತಿತ್ತು. ಅವರು ಪಕ್ಕದಲ್ಲಿ ನಿಂತೇ ಇದ್ದರು. ಗ್ಯಾಸ್ ಸಾಹೇಬರು ತಲೆಯೆತ್ತಿ, "ಏನಾದ್ರೂ ಬೇಕಿತ್ತಾ?" ಎಂದು ಕೇಳಿದರು.

ಒಂದೂ ಮುಕ್ಕಾಲಿಗೆ ತಲೆಯ ಮೇಲಿನ ದೀಪ ಹತ್ತಿತು. ಎಲ್ಲರೂ ಉಸಿರು ಬಿಟ್ಟರು. ಉಸಿರು ಬಿಟ್ಟ ಕೂಡಲೇ ಮೇಡಂಗೆ ನೆನಪಾಯಿತು. "ಅದ್ಸರಿ, ನಿಮ್ಮ ಕಡೆಯವರು ಗಿರಣಿ ಲೈನ್ ಬರೆಯೋದು ಯಾಕೆ ಬಿಟ್ರು?"

"ನಮ್ಮ ಕಡೆ ಬರೆದಿದಾರೆ. ನಿಮ್ಮ ಕಡೆ ತೆಗೆದಿದಾರೆ."

"ನಮ್ಮ ಕಡೆ ಯಾಕೆ ತೆಗೀತಾರೆ?"

"ಹೆಸರು ಬದಲಾಯಿಸೋ ಅರ್ಜಿ ಕೊಟ್ಟು ಮೂರು ವರ್ಷ ಆಯ್ತು. ಅದನ್ನ ನುಂಗಿ ಕೂತಿರೋರು ಯಾರು?"

"ನನಗೆ ಯಾವ ಅರ್ಜೀನೂ ಬಂದಿಲ್ಲ!"

ಮೇಡಂ ಕುರ್ಚಿ ಹಿಂದಕ್ಕೆ ಸರಿಸಿದರು. ಸಾಹೇಬರು ಎದ್ದು ನಿಂತರು. ಇನ್ನೊಂದು ಗಳಿಗೆ ಕಳೆದರೆ ಎರಡು ಬಾಗಿಲುಗಳು ದಢಾರೆಂದು ಮುಚ್ಚುವುದು ಖಂಡಿತವಾಗಿತ್ತು. ಸುಮ್ಮನಿದ್ದರೆ ಮತ್ತು ಸಾಹೇಬರ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ. ಅವರು ಮೇಡಂ ಪಕ್ಕದಿಂದ ಬಗ್ಗಿ, ಖಾನೆ ಎಳೆದು, ಕೆಂಪು ಗೀಟಿನ ಮೂಲ ಪ್ರತಿಯನ್ನು ತೆಗೆದು ನಕ್ಷೆಯ ಮೇಲಿಟ್ಟರು. ಅದರ ಕೆಳಗೆ, ಲೋಟದ ಗುಂಡು ಕಲೆ ಬಿದ್ದಿದ್ದ ಆ ಅರ್ಜಿಯೂ ಇತ್ತು. ಅದನ್ನೂ ಇಟ್ಟರು.

"ಗೀಟು ನಂದು" ಎಂದರು. "ಅರ್ಜಿಗೆ ನೋಡೋಣ ಅಂದೋನೂ ನಾನೇ. ಹಳೇ ಬಡಾವಣೆ ನಮ್ಮದು ಸಾರ್. ಮನೇಲಿ ಊಟ ಇತ್ತು."

ಇಬ್ಬರು ಮುಖ್ಯಸ್ಥರೂ ಆ ಕಾಗದ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಧಾನವಾಗಿ ಕೂತರು. ಮುಂದಿನ ಹತ್ತು ನಿಮಿಷ ಎಡಗಡೆಯೂ ಬಲಗಡೆಯೂ ಒಂದೇ ಸ್ವರದಲ್ಲಿ ಮಾತಾಡಿದವು. ಒಬ್ಬರು ಬೈಗುಳ ಆರಂಭಿಸಿದರೆ ಇನ್ನೊಬ್ಬರು ಪೂರ್ತಿ ಮಾಡಿದರು. ಅದು ಮುಗಿದ ಮೇಲೆ, ಎರಡೂ ಕಚೇರಿಯ ಮೊಹರು ಬಿದ್ದ ಪತ್ರವೊಂದು ತಯಾರಾಯಿತು. ಇಬ್ಬರೂ ಸಹಿ ಹಾಕಿದರು.

ನಾಲ್ಕು ಗಂಟೆಗೆ ಮತ್ತು ಸಾಹೇಬರು ಮನೆ ಮುಟ್ಟಿದಾಗ ನಲವತ್ತು ಜನರೂ ಇದ್ದರು. ಒಲೆ ಹಚ್ಚಬಹುದೆಂಬ ಘೋಷಣೆ ಆಗಿ ಅರ್ಧ ಗಂಟೆಯಾಗಿತ್ತು. ಅಡುಗೆ ಅವಸರದಲ್ಲಿ ಮುಗಿದಿತ್ತು. ಅತ್ತೆ ಅವರ ಜೇಬಿನಿಂದ ಇಣುಕುತ್ತಿದ್ದ ಲಕೋಟೆಯನ್ನು ಕಂಡರು. ಎರಡು ಮೊಹರು! ಕನ್ನಡಕ ಹುಡುಕುವಷ್ಟು ತಾಳ್ಮೆ ಇಲ್ಲದೆ, ಅದನ್ನು ಹಲ್ಲಿನ ಡಾಕ್ಟರ ಕೈಗಿತ್ತರು. "ಗಟ್ಟಿಯಾಗಿ ಓದಿ ಡಾಕ್ಟರೇ."

"ಅತ್ತೆ, ಅದು..." ಎಂದರು ಮತ್ತು ಸಾಹೇಬರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಡಾಕ್ಟರು ಓದಿದರು: "'ತಾವು ಮೇಲಧಿಕಾರಿಗಳ ನೆರವಿಲ್ಲದೆ, ಸ್ವಂತ ವಿವೇಚನೆಯಿಂದ, ಕೇವಲ ಒಂದು ಗೀಟಿನ ಮೂಲಕ, ಇಡೀ ನಗರದ ವಿದ್ಯುತ್ತನ್ನೂ ಅನಿಲವನ್ನೂ ಏಕಕಾಲದಲ್ಲಿ ನಿಲ್ಲಿಸಿರುತ್ತೀರಿ. ಈ ಹಿಂದೆ ಯಾರೊಬ್ಬರೂ ಇಂಥ ಕಾರ್ಯವನ್ನು ಎಸಗಿದ ದಾಖಲೆ ಇರುವುದಿಲ್ಲ...'"

"ಒಂದೇ ಗೀಟಲ್ಲಿ!" ಎಂದ ಇಸ್ತ್ರಿ ಅಂಗಡಿಯವನು, ಉಸಿರು ಬಿಗಿಹಿಡಿದು. "ಇಡೀ ಊರಿಂದು!" ಎಂದಿತು ಹಜಾರ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮುಂದೆ?"

ಮುಂದಿನ ಸಾಲನ್ನು ಡಾಕ್ಟರು ಮನಸ್ಸಿನಲ್ಲೇ ಓದಿಕೊಂಡರು. ಒಮ್ಮೆ ಮತ್ತು ಸಾಹೇಬರ ಮುಖ ನೋಡಿದರು. ಸಣ್ಣಗೆ ಕೆಮ್ಮಿ, ಪತ್ರ ಮಡಿಸಿದರು.

"ಮುಂದೆ ಸಹಿ ಇದೆ. ಇಬ್ಬರದೂ."

ಚಪ್ಪಾಳೆ ಬಿತ್ತು. ಆ ಗದ್ದಲದಲ್ಲಿ ಹೆಂಡತಿ ಪತ್ರವನ್ನು ಡಾಕ್ಟರ ಕೈಯಿಂದ ತೆಗೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಓದಿದರು. ಗಂಡನನ್ನು ಒಳಕ್ಕೆ ಕರೆದು, ಮೂಲೆಯಲ್ಲಿ ಮಣೆ ಹಾಕಿ, ತಟ್ಟೆ ಇಟ್ಟರು.

"ಉತ್ತರ ಕೊಡಕ್ಕೆ ಮೂರು ದಿನ ಟೈಮ್ ಇದೆ" ಎಂದರು. "ಮೊದ್ಲು ಊಟ ಮಾಡಿ."

ಅವರು ಉಂಡರು. ಕಾಳು ಕೆಲವು ಬೆಂದಿದ್ದವು, ಕೆಲವು ಹಲ್ಲಿಗೆ ಸಿಕ್ಕಿ ಕಟುಮ್ಮೆನ್ನುತ್ತಿದ್ದವು. ಹೊರಗೆ ನಲವತ್ತು ಜನರೂ ಅದನ್ನೇ ತಿನ್ನುತ್ತಿದ್ದರು. ಒಬ್ಬರೂ ಆ ಮಾತೆತ್ತಲಿಲ್ಲ. ಹೆಂಡತಿ ಬಗ್ಗಿ ಇನ್ನೊಂದು ಸೌಟು ಬಡಿಸಿದರು.